ಸರಾಸರಿಗೆ ಸಿಗದ ಎದೆನೋವು

ಅಮೆರಿಕದಲ್ಲಿ ಯಾವ ಕ್ಲಿನಿಕ್ಕಿಗೆ ಮೊದಲ ಸಲ ಹೋದರೂ ಡಾಕ್ಟರ ಮುಖ ಕಾಣುವ ಮೊದಲು ಒಂದು ಕಟ್ಟು ಫಾರ್ಮು ಕೈಗೆ ಬರುತ್ತದೆ. ಹೆಸರು, ವಿಮೆ, ನುಂಗುತ್ತಿರುವ ಮಾತ್ರೆ ಎಲ್ಲ ಬರೆದಾದ ಮೇಲೆ ಒಂದು ಪ್ರಶ್ನೆ: ನೀವು ಹಿಸ್ಪಾನಿಕ್ ಅಥವಾ ಲ್ಯಾಟಿನೋ ಮೂಲದವರೇ? ಹೌದು, ಅಲ್ಲ, ಎರಡೇ ಚೌಕ. ಅದರ ಕೆಳಗೆ ಜನಾಂಗ ಯಾವುದೆಂದು ಇನ್ನೊಂದು ಪ್ರಶ್ನೆ: ಬಿಳಿಯ, ಕರಿಯ, ಏಷ್ಯನ್, ಹೀಗೆ. ಅಕ್ಕನ ಮಗಳ ಮನೆಗೆ ಹೋಗಿದ್ದಾಗ ನನ್ನ ಬಿಪಿ ಮಾತ್ರೆ ತೀರಿಹೋಗಿ, ಷಿಕಾಗೋ ಪಕ್ಕದ ಒಂದು ಕ್ಲಿನಿಕ್ಕಿನಲ್ಲಿ ಕೂತು 'ಏಷ್ಯನ್' ಚೌಕಕ್ಕೆ ಗುರುತು ಹಾಕುವಾಗ ಪೆನ್ನು ಅಲ್ಲೇ ನಿಂತಿತು. ಜಪಾನಿನವರೂ ನಾನೂ ಒಂದೇ ಚೌಕದಲ್ಲಿ?

ಪಕ್ಕದ ಕುರ್ಚಿಯಲ್ಲಿ ಒಬ್ಬ ಅಜ್ಜಿ. ಅವರ ಫಾರ್ಮನ್ನು ಮೊಮ್ಮಗಳು ತುಂಬುತ್ತಿದ್ದಳು. ಅವರ ಸ್ಪ್ಯಾನಿಷ್ ಮಾತಿನ ನಡುವೆ 'ಅಸೂಕಾರ್' ಎಂಬ ಪದ ಎರಡು ಮೂರು ಸಲ ಕಿವಿಗೆ ಬಿತ್ತು. "ಅಸೂಕಾರ್ ಅಂದ್ರೆ ಸಕ್ಕರೆ ಮಾವ. ಡಯಾಬಿಟಿಸ್ ಅನ್ನಲ್ಲ ಅವರು, ನಮ್ಮ ಹಾಗೇ ಶುಗರ್ ಇದೆ ಅಂತಾರೆ," ಎಂದಳು ಅಕ್ಕನ ಮಗಳು. ಮೊಮ್ಮಗಳು ಮೊದಲ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದಳು. ಎರಡನೆಯ ಪ್ರಶ್ನೆಯಲ್ಲಿ ತಡವರಿಸಿ, ಕೊನೆಗೆ 'ಇತರೆ' ಆರಿಸಿದಳು. ನನ್ನ ಪೆನ್ನು ನಿಂತಂತೆ ಅವಳದೂ ನಿಂತಿತ್ತು.

ಆ 'ಹೌದು' ಚೌಕ ಹುಟ್ಟಿದ್ದು ವೈದ್ಯರ ಅಗತ್ಯಕ್ಕಲ್ಲ. 1977ರಲ್ಲಿ ಅಮೆರಿಕ ಸರ್ಕಾರದ ಬಜೆಟ್ ಕಚೇರಿ, ಇಲಾಖೆಗಳೆಲ್ಲ ಜನರನ್ನು ಒಂದೇ ರೀತಿ ಎಣಿಸಲಿ ಎಂದು ಕೆಲವು ವರ್ಗಗಳನ್ನು ಗೊತ್ತುಮಾಡಿತು. ಸ್ಪ್ಯಾನಿಷ್ ಭಾಷೆ ಅಥವಾ ಸಂಸ್ಕೃತಿಯ ಬೇರು ಇರುವವರು ಯಾವ ಬಣ್ಣದವರಾದರೂ 'ಹಿಸ್ಪಾನಿಕ್'. 2020ರ ಜನಗಣತಿಯ ಹೊತ್ತಿಗೆ ಇವರು 6.2 ಕೋಟಿ, ಅಂದರೆ ದೇಶದ ಸುಮಾರು ಐದರಲ್ಲಿ ಒಬ್ಬರು. ಟೆಕ್ಸಾಸಿನ ಹೊಲಕ್ಕೆ ಮೂರು ತಲೆಮಾರಿನ ಹಿಂದೆ ಬಂದ ಮೆಕ್ಸಿಕನ್ ಕೂಲಿಯ ಮೊಮ್ಮಗ, 1959ರ ಕ್ರಾಂತಿಯ ನಂತರ ಮಯಾಮಿಗೆ ಓಡಿಬಂದ ಕ್ಯೂಬಾದ ವಕೀಲ, ನ್ಯೂಯಾರ್ಕಿನ ಪೋರ್ಟೊರಿಕನ್ ಬಸ್ ಚಾಲಕಿ, ಹೋದ ವರ್ಷ ಎಲ್ ಸಾಲ್ವಡಾರಿನಿಂದ ಬಂದ ಹುಡುಗ ಎಲ್ಲರೂ ಒಂದೇ ಚೌಕದಲ್ಲಿ. ಆಡಳಿತಕ್ಕೆ ಅದು ಸಾಕು. ಹೃದಯಕ್ಕೆ ಸಾಲದು.

ಸಾಲದು ಎಂಬುದು ಗೊತ್ತಾಗಲು ಒಂದು ವಿಚಿತ್ರ ಅಂಕಿ ಕಾರಣವಾಯಿತು. 1986ರಲ್ಲಿ ಕಿರಿಯಾಕೋಸ್ ಮಾರ್ಕಿಡಿಸ್ ಮತ್ತು ಜೆನಿನ್ ಕೊರೀಲ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ನೈರುತ್ಯ ರಾಜ್ಯಗಳ ಹಿಸ್ಪಾನಿಕರ ಆರೋಗ್ಯದ ಲೆಕ್ಕ ತೆಗೆದರು. ಆದಾಯ ಕಡಿಮೆ, ಓದು ಕಡಿಮೆ, ವೈದ್ಯಕೀಯ ವಿಮೆ ಇಲ್ಲದವರೇ ಹೆಚ್ಚು, ಶುಗರ್ ಹೆಚ್ಚು, ಬೊಜ್ಜು ಹೆಚ್ಚು. ಇಷ್ಟೆಲ್ಲ ಇದ್ದ ಮೇಲೆ ಹೃದ್ರೋಗದ ಸಾವೂ ಹೆಚ್ಚಿರಬೇಕಲ್ಲ? ಹಾಗಿರಲಿಲ್ಲ. ಅದು ಬಿಳಿಯರ ಪ್ರಮಾಣಕ್ಕೆ ಹತ್ತಿರ ಅಥವಾ ಅದಕ್ಕಿಂತ ಕಡಿಮೆ ಇತ್ತು. ಇದಕ್ಕೆ ಆಮೇಲೆ 'ಹಿಸ್ಪಾನಿಕ್ ವಿರೋಧಾಭಾಸ' ಎಂಬ ಹೆಸರೇ ನಿಂತಿತು. 2010ರಲ್ಲಿ ಸರ್ಕಾರ ಮೊದಲ ಸಲ ಹಿಸ್ಪಾನಿಕರಿಗೆಂದು ಪ್ರತ್ಯೇಕ ಆಯುಷ್ಯದ ಕೋಷ್ಟಕ ಪ್ರಕಟಿಸಿತು. 2006ರ ಲೆಕ್ಕದ ಪ್ರಕಾರ ಅವರ ನಿರೀಕ್ಷಿತ ಆಯುಷ್ಯ 80.6 ವರ್ಷ, ಬಿಳಿಯರದು 78.1. ಬಡವನ ಆಯುಷ್ಯ ಗಟ್ಟಿ ಎಂದು ನಮ್ಮಲ್ಲಿ ಆಡುವುದುಂಟು. ಆದರೆ ಅಂಕಿ ಅಂಶದವರು ಅಷ್ಟಕ್ಕೇ ಬಿಡುವವರಲ್ಲ. ಲೆಕ್ಕದಲ್ಲೇ ಎಲ್ಲೋ ತಪ್ಪಿರಬೇಕೆಂದು ಮೊದಲು ಅದನ್ನೇ ಬಿಚ್ಚಿ ನೋಡಿದರು.

ಮೊದಲ ಸಂಶಯ ವಯಸ್ಸಿನದು. ಇದನ್ನು ಒಂದು ಕಾಲ್ಪನಿಕ ಊರಿನಲ್ಲಿಟ್ಟು ನೋಡೋಣ. ಹೊಸ ಬಡಾವಣೆಯಲ್ಲಿ 10,000 ಜನ, ಅವರಲ್ಲಿ ಅರವತ್ತು ದಾಟಿದವರು ಬರೀ 1,000. ಹಳೇಪೇಟೆಯಲ್ಲೂ 10,000 ಜನ, ಆದರೆ ಅರವತ್ತು ದಾಟಿದವರು 4,000. ಎರಡೂ ಕಡೆ ಕಿರಿಯರಲ್ಲಿ ಸಾವಿರಕ್ಕೊಬ್ಬರು ಹೃದಯಾಘಾತದಿಂದ ಸಾಯುತ್ತಾರೆ ಎಂದಿಟ್ಟುಕೊಳ್ಳಿ. ಹಿರಿಯರಲ್ಲಿ ಹೊಸ ಬಡಾವಣೆಯಲ್ಲಿ ಸಾವಿರಕ್ಕೆ 20, ಹಳೇಪೇಟೆಯಲ್ಲಿ ಸಾವಿರಕ್ಕೆ 15. ಈಗ ಸಾವು ಎಣಿಸಿ: ಹೊಸ ಬಡಾವಣೆಯಲ್ಲಿ 9 ಮತ್ತು 20, ಒಟ್ಟು 29. ಹಳೇಪೇಟೆಯಲ್ಲಿ 6 ಮತ್ತು 60, ಒಟ್ಟು 66. ಪೇಪರಿನಲ್ಲಿ 'ಹೊಸ ಬಡಾವಣೆಯ ಜನ ಗಟ್ಟಿ' ಎಂದು ತಲೆಬರಹ ಬರುತ್ತದೆ. ನಿಜಕ್ಕೂ ಅಲ್ಲಿನ ಮುದುಕರೇ ಹೆಚ್ಚು ಸಾಯುತ್ತಿದ್ದಾರೆ. ಮುದುಕರ ಸಂಖ್ಯೆ ಕಡಿಮೆ ಅಷ್ಟೆ.

ಇದನ್ನು ಸರಿಪಡಿಸುವ ಉಪಾಯ ಸರಳ. ಎರಡೂ ಕಡೆ ವಯಸ್ಸಿನ ಹಂಚಿಕೆ ಒಂದೇ ಇದ್ದಿದ್ದರೆ, ಉದಾಹರಣೆಗೆ 8,000 ಕಿರಿಯರು, 2,000 ಹಿರಿಯರು ಇದ್ದಿದ್ದರೆ, ಎಷ್ಟು ಜನ ಸಾಯುತ್ತಿದ್ದರು ಎಂದು ಕೇಳಬೇಕು. ಹೊಸ ಬಡಾವಣೆಯಲ್ಲಿ 8 ಮತ್ತು 40, ಒಟ್ಟು 48. ಹಳೇಪೇಟೆಯಲ್ಲಿ 8 ಮತ್ತು 30, ಒಟ್ಟು 38. ತಲೆಬರಹ ತಲೆಕೆಳಗಾಯಿತು. ಅಮೆರಿಕದಲ್ಲಿ ಈ ಹೋಲಿಕೆಗೆ 2000ನೇ ಇಸವಿಯ ಜನಸಂಖ್ಯೆಯನ್ನು ಅಳತೆಗೋಲಾಗಿ ಬಳಸುತ್ತಾರೆ. ಹಿಸ್ಪಾನಿಕರು ಬಿಳಿಯರಿಗಿಂತ ಸರಾಸರಿ ಹತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು. ಹಾಗಾಗಿ ವಯಸ್ಸನ್ನು ಸರಿದೂಗಿಸದ ಯಾವ ಅಂಕಿಯನ್ನೂ ನಂಬುವಂತಿಲ್ಲ. ಆದರೆ ಸರಿದೂಗಿಸಿದ ಮೇಲೂ ಒಗಟು ಕರಗಲಿಲ್ಲ. ಹಿಸ್ಪಾನಿಕರ ಹೃದ್ರೋಗದ ಸಾವು ಕಡಿಮೆಯೇ ಉಳಿಯಿತು.

ಎರಡನೆಯ ಸಂಶಯ ಗುಮಾಸ್ತಿಕೆಯದು. ಸಾವಿನ ಪ್ರಮಾಣ ಅಂದರೆ ಸತ್ತವರ ಸಂಖ್ಯೆಯನ್ನು ಬದುಕಿದ್ದವರ ಸಂಖ್ಯೆಯಿಂದ ಭಾಗಿಸುವುದು. ಬದುಕಿದ್ದವರ ಸಂಖ್ಯೆ ಜನಗಣತಿಯಿಂದ ಬರುತ್ತದೆ, ಅಲ್ಲಿ ಮನೆಯವರೇ ತಾವು ಹಿಸ್ಪಾನಿಕ್ ಎಂದು ಬರೆಯುತ್ತಾರೆ. ಸತ್ತವರ ಸಂಖ್ಯೆ ಮರಣ ಪ್ರಮಾಣಪತ್ರದಿಂದ. ಅದರಲ್ಲಿ ಸಾವಿನ ಕಾರಣವನ್ನಷ್ಟೇ ವೈದ್ಯರು ಬರೆಯುವುದು. ಮೂಲ, ಜನಾಂಗ ಇತ್ಯಾದಿಯನ್ನು ತುಂಬುವವರು ಶವಸಂಸ್ಕಾರದ ಏರ್ಪಾಡು ಮಾಡುವ ಸಂಸ್ಥೆಯವರು. ಮನೆಯವರನ್ನು ಕೇಳಿ ಬರೆಯಬೇಕು. ದುಃಖದಲ್ಲಿ ಕೂತವರನ್ನು ಕೇಳಲು ಹಿಂಜರಿದು, ಮುಖದ ಬಣ್ಣ, ಮನೆತನದ ಹೆಸರು ನೋಡಿ ತಾವೇ ಬರೆದುಬಿಟ್ಟರೆ? ಬದುಕಿದ್ದಾಗ ಹಿಸ್ಪಾನಿಕ್ ಆಗಿದ್ದವರು ಸತ್ತ ಮೇಲೆ ಬಿಳಿಯರಾಗುತ್ತಾರೆ. ಭಾಜ್ಯ ಕುಗ್ಗುತ್ತದೆ, ಭಾಜಕ ಹಾಗೇ ಇರುತ್ತದೆ, ಸಾವಿನ ಪ್ರಮಾಣ ಸುಳ್ಳೇ ಇಳಿಯುತ್ತದೆ. ಇಂಥ ತಪ್ಪು ಎಷ್ಟೆಂದು ಸರ್ಕಾರದ ಅಂಕಿ ಅಂಶ ಕೇಂದ್ರ ತಾಳೆ ನೋಡಿತು. ಹಿಸ್ಪಾನಿಕರ ಮಟ್ಟಿಗೆ ನೂರಕ್ಕೆ ಮೂರರ ಆಸುಪಾಸು. ಒಗಟನ್ನು ಬಿಡಿಸಲು ಅದು ಸಾಕಾಗಲಿಲ್ಲ.

ಮೂರನೆಯದಕ್ಕೆ ಮೀನಿನ ಹೆಸರಿಟ್ಟಿದ್ದಾರೆ. ಸಾಲ್ಮನ್ ಮೀನು ಸಮುದ್ರದಲ್ಲೆಲ್ಲ ಅಲೆದು, ಕೊನೆಗಾಲಕ್ಕೆ ತಾನು ಹುಟ್ಟಿದ ಹೊಳೆಗೇ ಈಜಿಕೊಂಡು ಬಂದು ಸಾಯುತ್ತದೆ. ಕಾಯಿಲೆ ಬಿದ್ದ ವಲಸಿಗರೂ ಹಾಗೆ ಊರಿಗೆ ಹಿಂತಿರುಗಿದರೆ ಅವರ ಸಾವು ಅಮೆರಿಕದ ಪುಸ್ತಕದಲ್ಲಿ ದಾಖಲಾಗುವುದೇ ಇಲ್ಲ. ಆ ಪುಸ್ತಕದ ಮಟ್ಟಿಗೆ ಅವರು ಚಿರಂಜೀವಿಗಳು. ಮುಂಬಯಿಯ ಹೋಟೆಲುಗಳಲ್ಲಿ ನಲವತ್ತು ವರ್ಷ ದುಡಿದು, ಮೈ ಸೋತ ಮೇಲೆ ಉಡುಪಿಯ ಕಡೆ ಬಸ್ಸು ಹತ್ತಿದವರನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಊಹೆಯನ್ನು ಪರೀಕ್ಷಿಸಲು ಹೊರಟಾಗಲೇ ಚೌಕವನ್ನು ಒಡೆಯುವ ಕೆಲಸ ಶುರುವಾಯಿತು. 1999ರಲ್ಲಿ ಆನಾ ಅಬ್ರಾಯ್ದೊ-ಲಾನ್ಸಾ ಮತ್ತು ಸಂಗಡಿಗರು ಒಂದು ಜಾಣ ದಾರಿ ಹಿಡಿದರು. ಕ್ಯೂಬಾದಿಂದ ಬಂದವರು ರಾಜಕೀಯ ಕಾರಣಕ್ಕೆ ಸುಲಭವಾಗಿ ಹಿಂದೆ ಹೋಗುವಂತಿಲ್ಲ. ಪೋರ್ಟೊ ರಿಕೊ ಅಮೆರಿಕದ್ದೇ ಪ್ರದೇಶ, ಅಲ್ಲಿನ ಸಾವು ಲೆಕ್ಕ ತಪ್ಪುವುದಿಲ್ಲ. ಈ ಇಬ್ಬರಲ್ಲೂ ಸಾವು ಕಡಿಮೆ ಇದ್ದರೆ ಮೀನಿನ ಕತೆ ಬಿದ್ದುಹೋಗುತ್ತದೆ. ಕಡಿಮೆಯೇ ಕಂಡಿತು. ಅಲ್ಲಿಗೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ, 2004ರಲ್ಲಿ ಆಲ್ಬರ್ಟೊ ಪಲೋನಿ ಮತ್ತು ಎಲಿಜಬೆತ್ ಏರಿಯಾಸ್ ಬೇರೆ ದತ್ತಾಂಶದಲ್ಲಿ ಬೇರೆಯದೇ ಕಂಡರು: ಆಯುಷ್ಯದ ಲಾಭ ಇರುವುದು ಮುಖ್ಯವಾಗಿ ಮೆಕ್ಸಿಕೊದಲ್ಲಿ ಹುಟ್ಟಿ ಬಂದವರಿಗೆ ಮತ್ತು ಹೊರಗೆ ಹುಟ್ಟಿದ ಇತರ ಕೆಲವರಿಗೆ, ಕ್ಯೂಬನ್ನರಿಗೂ ಪೋರ್ಟೊರಿಕನ್ನರಿಗೂ ಅದು ಇಲ್ಲ. ಮೆಕ್ಸಿಕನ್ನರ ಲಾಭದಲ್ಲಿ ಊರಿಗೆ ಮರಳುವಿಕೆಯ ಪಾಲು ದೊಡ್ಡದು. ವಿದ್ವಾಂಸರ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಆದರೆ ಒಂದು ಮಾತು ಅಂದಿನಿಂದ ಗಟ್ಟಿಯಾಯಿತು. 'ಹಿಸ್ಪಾನಿಕರ ಸಾವು ಕಡಿಮೆ' ಎಂಬ ವಾಕ್ಯದ ಒಳಗೆ ಬಹುಪಾಲು ಮೆಕ್ಸಿಕನ್ನರೇ ಕೂತಿದ್ದಾರೆ. ಚೌಕದಲ್ಲಿ ಅವರದು ಸುಮಾರು ಅರವತ್ತು ಪರ್ಸೆಂಟ್. ಸರಾಸರಿ ಎಂಬುದು ಗುಂಪಿನಲ್ಲಿ ಯಾರ ದನಿ ದೊಡ್ಡದೋ ಅವರ ಮಾತನ್ನೇ ಆಡುತ್ತದೆ.

ಹಾಗಿದ್ದರೆ ಮೆಕ್ಸಿಕೊದಿಂದ ಬಂದವರಲ್ಲಿ ಏನಿದೆ? ಗಡಿ ದಾಟಿ, ಮರುಭೂಮಿ ತುಳಿದು, ಕಟ್ಟಡದ ಮೇಲೋ ಹೊಲದಲ್ಲೋ ದಿನಕ್ಕೆ ಹತ್ತು ಗಂಟೆ ದುಡಿಯಲು ಹೊರಡುವವರು ಮೊದಲೇ ಗಟ್ಟಿಮುಟ್ಟಾದವರು. ಕಾಯಿಲೆಯವರು ಊರಲ್ಲೇ ಉಳಿಯುತ್ತಾರೆ. ಇದೂ ಒಂದು ಕಾರಣ. ಕುಟುಂಬದ ಆಸರೆ, ಬೀನ್ಸು ಮತ್ತು ಜೋಳದ ರೊಟ್ಟಿಯ ಊಟ ಎಂದು ಬರೆಯುವವರೂ ಬಹಳ. ನನಗೆ ಇಂಥ ವಿವರಣೆಗಳ ಮೇಲೆ ಸ್ವಲ್ಪ ಗುಮಾನಿ. ಬಡವರ ಅಡುಗೆಮನೆಯನ್ನು ದೂರದಿಂದ ನೋಡಿ ಮೆಚ್ಚುವುದು ಸುಲಭ. ಇವೆಲ್ಲಕ್ಕಿಂತ ಬಲವಾದ ಕಾರಣ ತೀರಾ ಸಪ್ಪೆಯದು, ಸಿಗರೇಟು. ಮೆಕ್ಸಿಕೊದಿಂದ ಬಂದವರಲ್ಲಿ ಸೇದದವರು ಹೆಚ್ಚು, ಸೇದುವವರೂ ದಿನಕ್ಕೆ ಸೇದುವುದು ಕೆಲವೇ. 2011ರಲ್ಲಿ ಲಾರಾ ಬ್ಲೂ ಮತ್ತು ಆಂಡ್ರ್ಯೂ ಫೆನೆಲನ್ ಲೆಕ್ಕ ಹಾಕಿದ ಪ್ರಕಾರ, ಐವತ್ತರ ವಯಸ್ಸಿನಲ್ಲಿ ಹಿಸ್ಪಾನಿಕರಿಗೂ ಬಿಳಿಯರಿಗೂ ಇರುವ ಆಯುಷ್ಯದ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಧೂಮಪಾನದಿಂದಲೇ ಬಂದದ್ದು.

ಇದು ನಿಜವಾದರೆ, ಚೌಕದೊಳಗೆ ಹೆಚ್ಚು ಸೇದುವ ಗುಂಪುಗಳಿಗೆ ಆ ಲಾಭ ಸಿಗಬಾರದು. ಅದನ್ನು ತಿಳಿಯಲು ಜನರನ್ನು ಕೂರಿಸಿ ರಕ್ತ ತೆಗೆದು ನೋಡಬೇಕು. ಆ ಕೆಲಸ 2008ರಿಂದ 2011ರವರೆಗೆ ನಡೆಯಿತು. ಬ್ರಾಂಕ್ಸ್, ಷಿಕಾಗೋ, ಮಯಾಮಿ, ಸ್ಯಾನ್ ಡಿಯೇಗೊ ಎಂಬ ನಾಲ್ಕು ಕಡೆ, 18ರಿಂದ 74 ವರ್ಷದ 16,415 ಜನರನ್ನು ಮನೆ ಮನೆಯಿಂದ ಆರಿಸಿ ಕರೆತಂದರು. ಯೋಜನೆಯ ಹೆಸರಿನ ಮೊದಲಕ್ಷರಗಳ ಕೊನೆಯ ಮೂರು ಸೇರಿ 'ಸೋಲ್' ಆಗುತ್ತದೆ, ಸ್ಪ್ಯಾನಿಷಿನಲ್ಲಿ ಸೂರ್ಯ. ಬಂದವರು ಉಪವಾಸದಲ್ಲಿ ಬರಬೇಕು, ರಕ್ತ ಕೊಟ್ಟು, ಗ್ಲೂಕೋಸ್ ಕುಡಿದು, ಎರಡು ಗಂಟೆ ಕಾದು ಮತ್ತೆ ರಕ್ತ ಕೊಡಬೇಕು. ಪ್ರಶ್ನೆಗಳು ಸ್ಪ್ಯಾನಿಷಿನಲ್ಲಿ ಬೇಕೋ ಇಂಗ್ಲಿಷಿನಲ್ಲಿ ಬೇಕೋ ಅವರೇ ಆರಿಸಬಹುದು. ಎಲ್ಲಕ್ಕಿಂತ ಮುಖ್ಯ, ಪ್ರತಿಯೊಬ್ಬರೂ ಯಾವ ಮೂಲದವರು ಎಂದು ಬರೆದುಕೊಂಡರು: ಮೆಕ್ಸಿಕನ್, ಪೋರ್ಟೊರಿಕನ್, ಕ್ಯೂಬನ್, ಡೊಮಿನಿಕನ್, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ.

ಚೌಕ ಒಡೆದಾಗ ಒಳಗೆ ಆರು ಬೇರೆ ಬೇರೆ ಹೃದಯಗಳೇ ಇದ್ದವು. ಪೋರ್ಟೊರಿಕನ್ನರಲ್ಲಿ ಗಂಡಸರೂ ಹೆಂಗಸರೂ ಸುಮಾರು ಮೂವರಲ್ಲೊಬ್ಬರು ಸೇದುತ್ತಿದ್ದರು. ಕ್ಯೂಬಾದ ಗಂಡಸರೂ ಅದಕ್ಕೆ ಹತ್ತಿರ. ಡೊಮಿನಿಕನ್ನರಲ್ಲಿ ಹತ್ತರಲ್ಲೊಬ್ಬರು ಮಾತ್ರ, ಆದರೆ ಗಂಡಸರ ಪೈಕಿ ಬಿಪಿ ಎಲ್ಲರಿಗಿಂತ ಹೆಚ್ಚು ಅವರ ಗಂಡಸರಿಗೇ. ಶುಗರ್ ಮೆಕ್ಸಿಕನ್ನರಲ್ಲಿ 18 ಪರ್ಸೆಂಟ್, ಪೋರ್ಟೊರಿಕನ್, ಡೊಮಿನಿಕನ್ನರಲ್ಲೂ ಅಷ್ಟೇ. ದಕ್ಷಿಣ ಅಮೆರಿಕದಿಂದ ಬಂದವರಲ್ಲಿ ಹತ್ತು. ಪೋರ್ಟೊರಿಕನ್ ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಬೊಜ್ಜು. ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೊಜ್ಜು, ಸಿಗರೇಟು ಇವುಗಳಲ್ಲಿ ಮೂರಾದರೂ ಒಟ್ಟಿಗೆ ಇರುವವರು ಪೋರ್ಟೊರಿಕನ್ನರಲ್ಲಿ ನಾಲ್ವರಲ್ಲೊಬ್ಬರು, ಆರು ಗುಂಪುಗಳಲ್ಲಿ ಅತಿ ಹೆಚ್ಚು.

ಪೋರ್ಟೊರಿಕನ್ನರ ಹಬ್ಬದೂಟದಲ್ಲಿ ನಮಗೆ ಪರಿಚಿತವಾದ ಒಂದು ಕಾಳಿದೆ. ಅವರು ಗಂದೂಲೆಸ್ ಎನ್ನುವುದು ನಮ್ಮ ಹಸಿ ತೊಗರಿಯನ್ನೇ. ನಮ್ಮ ನೆಲದಲ್ಲಿ ಪಳಗಿದ ತೊಗರಿ ಆಫ್ರಿಕಾ ಸೇರಿ, ಗುಲಾಮರ ಹಡಗುಗಳ ಕಾಲದಲ್ಲಿ ಕೆರೀಬಿಯನ್ ದ್ವೀಪಗಳಿಗೆ ಹೋಯಿತು. ಕಲಬುರಗಿಯವರು ಬೇಳೆ ಮಾಡಿ ಸಾರಿಗೆ ಹಾಕುವುದನ್ನು ಅವರು ಹಸಿಯಾಗಿಯೇ ಅನ್ನದೊಂದಿಗೆ ಬೇಯಿಸುತ್ತಾರೆ. ಕಾಳು ಒಳ್ಳೆಯದೇ. ಆದರೆ ಅದರ ಜೊತೆ ಬಾಣಲೆಗೆ ಉಪ್ಪು ಹಾಕಿಟ್ಟ ಹಂದಿಮಾಂಸ ಬೀಳುತ್ತದೆ, ಪಕ್ಕದಲ್ಲಿ ಎರಡು ಸಲ ಎಣ್ಣೆಯಲ್ಲಿ ಕರಿದ ಬಾಳೆಕಾಯಿ ಇರುತ್ತದೆ. ಊರಲ್ಲಿ ಕಬ್ಬಿನ ಗದ್ದೆಯಲ್ಲಿ ಬೆವರು ಸುರಿಸುವವರಿಗೆ ದಕ್ಕುತ್ತಿದ್ದ ಊಟ ಬ್ರಾಂಕ್ಸಿನ ಆರನೆಯ ಮಹಡಿಯಲ್ಲಿ ಕೂತವರಿಗೆ ದಕ್ಕುವುದಿಲ್ಲ. ಬಂದ ದಾರಿಯೂ ಬೇರೆ. 1917ರಿಂದಲೇ ಅಮೆರಿಕದ ಪೌರರಾದ ಇವರಿಗೆ ಗಡಿ ದಾಟುವ ಕಷ್ಟವಿರಲಿಲ್ಲ, ವಿಮಾನದ ಟಿಕೆಟ್ ಸಾಕಿತ್ತು. ಗಟ್ಟಿಮುಟ್ಟಾದವರನ್ನಷ್ಟೇ ಸೋಸಿ ಕಳಿಸುವ ಜರಡಿ ಇವರ ದಾರಿಯಲ್ಲಿ ಇರಲಿಲ್ಲ.

ಮರಣ ಪತ್ರಗಳೂ ಇದನ್ನೇ ಹೇಳಿದವು. 2003ರಲ್ಲಿ ಅಮೆರಿಕದ ಮರಣ ಪತ್ರದ ಮಾದರಿಯನ್ನು ತಿದ್ದಿದ ನಂತರ ವಿವರಗಳು ಸಿಗುವುದು ಸುಲಭವಾಯಿತು. ಸ್ಟ್ಯಾನ್‌ಫರ್ಡಿನ ಹೃದ್ರೋಗ ತಜ್ಞೆ ಫಾತಿಮಾ ರೋಡ್ರಿಗೆಸ್ ಮತ್ತು ಸಂಗಡಿಗರು 2003ರಿಂದ 2012ರವರೆಗಿನ ಪತ್ರಗಳನ್ನು ಮೂಲದ ಪ್ರಕಾರ ಬೇರ್ಪಡಿಸಿದರು. ಹೃದಯದ ರಕ್ತನಾಳ ಕಟ್ಟಿ ಬರುವ ಸಾವು, ಬಿಪಿಯಿಂದ ಹೃದಯ ಕೆಟ್ಟು ಬರುವ ಸಾವು ಎರಡೂ ಪೋರ್ಟೊರಿಕನ್ನರಲ್ಲಿ ಹೆಚ್ಚು. ಮೆಕ್ಸಿಕನ್ನರಲ್ಲಿ ಲಕ್ವದ ಸಾವು ಎದ್ದು ಕಂಡಿತು. ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯಲ್ಲಿ ವರ್ಷಗಟ್ಟಲೆ ಲಕ್ವದ ಲೆಕ್ಕ ಇಟ್ಟವರೂ ಮೆಕ್ಸಿಕನ್ ಅಮೆರಿಕನ್ನರಿಗೆ ಅದು ಬಿಳಿಯರಿಗಿಂತ ಎಳೆ ವಯಸ್ಸಿನಲ್ಲಿ ಹೊಡೆಯುವುದನ್ನು ಕಂಡಿದ್ದರು. ಅಂದರೆ ಹೃದಯದ ಕೋಷ್ಟಕದಲ್ಲಿ ಗೆದ್ದವರು ಮಿದುಳಿನ ಕೋಷ್ಟಕದಲ್ಲಿ ಸೋತಿದ್ದಾರೆ. ರಕ್ತನಾಳ ಒಂದೇ, ಪುಸ್ತಕ ಎರಡು.

ಆ ಚೌಕಕ್ಕೆ ಇನ್ನೊಂದು ಅಡ್ಡಗೆರೆ ಎಳೆಯಬೇಕು, ಅದು ತಲೆಮಾರಿನದು. ಸ್ಯಾನ್ ಆಂಟೋನಿಯೊ ನಗರದಲ್ಲಿ 1979ರಲ್ಲಿ ಶುರುವಾದ ಹೃದಯ ಅಧ್ಯಯನ ಅದೇ ಬೀದಿಗಳ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿತು. ಅಮೆರಿಕದಲ್ಲೇ ಹುಟ್ಟಿದ ಮೆಕ್ಸಿಕನ್ ಮೂಲದವರಲ್ಲಿ ಹೃದ್ರೋಗದ ಸಾವು ಬಿಳಿಯರಿಗಿಂತ ಹೆಚ್ಚೇ ಎಂದು 2003ರಲ್ಲಿ ಅದು ವರದಿ ಮಾಡಿತು. ಸೋಲ್ ಅಧ್ಯಯನದಲ್ಲೂ ಅಮೆರಿಕದಲ್ಲಿ ಹುಟ್ಟಿದವರು, ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರು, ಇಂಗ್ಲಿಷನ್ನೇ ಹೆಚ್ಚು ಆಡುವವರು, ಇವರಲ್ಲೇ ಹೃದ್ರೋಗ ಬಂದದ್ದಾಗಿ ಹೇಳಿದವರು ಹೆಚ್ಚು. ಅಜ್ಜ ತಂದ ಲಾಭವನ್ನು ಮೊಮ್ಮಗನ ಹೊತ್ತಿಗೆ ಕಾರು, ಕೋಕು, ಬರ್ಗರು ತಿಂದುಮುಗಿಸಿರುತ್ತವೆ. ಕ್ಲಿನಿಕ್ಕಿನಲ್ಲಿ ಅಜ್ಜಿಯ ಫಾರ್ಮು ತುಂಬುತ್ತಿದ್ದ ಹುಡುಗಿಯೇ ಈ ಲೆಕ್ಕದಲ್ಲಿ ಹೆಚ್ಚು ಅಪಾಯದವಳು. ಚೌಕ ಮಾತ್ರ ಇಬ್ಬರಿಗೂ ಒಂದೇ.

'ಕಾಯಿಲೆ ಇದೆಯೆಂದು ಡಾಕ್ಟರು ಹೇಳಿದ್ದಾರಾ?' ಎಂದು ಕೇಳುವ ಅಧ್ಯಯನಗಳಲ್ಲಿ ಇನ್ನೊಂದು ತೂತಿದೆ. ಡಾಕ್ಟರ ಬಳಿ ಹೋಗದವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ, ಕಾಗದದ ಮೇಲೆ. ಅಮೆರಿಕದ ದೊಡ್ಡ ಗುಂಪುಗಳಲ್ಲಿ ವಿಮೆ ಇಲ್ಲದವರ ಪಾಲು ಹಿಸ್ಪಾನಿಕರಲ್ಲಿ ಬಹಳ ಹೆಚ್ಚು. ಸೋಲ್ ಅಧ್ಯಯನದಲ್ಲಿ ರಕ್ತ ನೋಡಿದಾಗ ಶುಗರ್ ಇದ್ದವರಲ್ಲಿ ಹತ್ತಕ್ಕೆ ನಾಲ್ವರಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಮಾತು ಒಂದೇ ಅಲ್ಲ. ಮೆಕ್ಸಿಕನ್ ಹಳ್ಳಿಗಳ ನಂಬಿಕೆಯಲ್ಲಿ ಶುಗರ್ ಬರುವುದು 'ಸುಸ್ತೊ'ದಿಂದ, ಅಂದರೆ ದಿಢೀರನೆ ಬೆಚ್ಚಿಬಿದ್ದದ್ದರಿಂದ: ಅಪಘಾತ ನೋಡಿದ್ದು, ಮಗ ಸತ್ತ ಸುದ್ದಿ ಕೇಳಿದ್ದು. ಕಾಯಿಲೆ ಬಂದದ್ದೇ ಬೆಚ್ಚಿದ್ದರಿಂದ ಎಂದುಕೊಂಡವರಿಗೆ ಕೋಕಾಕೋಲಾ ಬಿಡಿ ಎಂದರೆ ಅದು ಸಂಬಂಧವಿಲ್ಲದ ಮಾತು. ಅದಕ್ಕೇ ಅಲ್ಲಿನ ಬಡಾವಣೆಗಳಲ್ಲಿ 'ಪ್ರೊಮೊತೋರಾ' ಎಂಬ ಆರೋಗ್ಯ ಕಾರ್ಯಕರ್ತೆಯರು ಕೆಲಸ ಮಾಡುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯರ ಹಾಗೆ ಅದೇ ಬೀದಿಯವರು, ಅದೇ ಮಾತಿನವರು.

ಇನ್ನು, ಯಾವ ಕೋಷ್ಟಕಕ್ಕೂ ಸುಲಭವಾಗಿ ಸಿಗದ ಒಂದು ಹೃದ್ರೋಗ ಈ ಚೌಕದ ಮೂಲೆಯಲ್ಲಿದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಡ ಹಳ್ಳಿಗಳ ಮಣ್ಣಿನ ಗೋಡೆಯ ಬಿರುಕು, ಹುಲ್ಲಿನ ಮಾಡು ಇವುಗಳಲ್ಲಿ ತಿಗಣೆಯ ದೂರದ ನೆಂಟನಂಥ ಒಂದು ಹುಳ ಇರುತ್ತದೆ. ರಾತ್ರಿ ಮಲಗಿದವರ ಮುಖದ ಮೇಲೆ ಹರಿದು ರಕ್ತ ಹೀರಿ, ಅಲ್ಲೇ ಹಿಕ್ಕೆ ಹಾಕುತ್ತದೆ. ತುರಿಕೆಗೆ ಕೆರೆದುಕೊಂಡಾಗ ಹಿಕ್ಕೆಯಲ್ಲಿನ ಪರೋಪಜೀವಿ ಗಾಯದೊಳಗೋ ಕಣ್ಣಿನೊಳಗೋ ಸೇರುತ್ತದೆ. 1909ರಲ್ಲಿ ಬ್ರೆಜಿಲಿನ ವೈದ್ಯ ಕಾರ್ಲೋಸ್ ಷಾಗಸ್ ಇದನ್ನು ಪತ್ತೆ ಮಾಡಿದರು, ಕಾಯಿಲೆಗೆ ಅವರದೇ ಹೆಸರು. ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ನೂರಕ್ಕೆ ಇಪ್ಪತ್ತು ಮೂವತ್ತು ಜನರಿಗೆ, ಹತ್ತಾರು ವರ್ಷ ಕಳೆದ ಮೇಲೆ, ಹೃದಯದ ಸ್ನಾಯು ಸಡಿಲವಾಗಿ ಬಡಿತ ತಪ್ಪತೊಡಗುತ್ತದೆ. ಅಷ್ಟು ಹೊತ್ತಿಗೆ ಆತ ಲಾಸ್ ಏಂಜಲೀಸಿನಲ್ಲಿ ಹೋಟೆಲ್ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷವಾಗಿರಬಹುದು. ಅಮೆರಿಕದಲ್ಲಿ ಹೀಗೆ ಸೋಂಕು ಹೊತ್ತವರು ಸುಮಾರು ಮೂರು ಲಕ್ಷ ಎಂದು ಅಂದಾಜು, ಬಹುತೇಕರಿಗೆ ಅದರ ಸುಳಿವಿಲ್ಲ. 2007ರಿಂದ ಅಲ್ಲಿನ ರಕ್ತನಿಧಿಗಳು ಇದಕ್ಕಾಗಿ ಪರೀಕ್ಷೆ ಮಾಡುವುದರಿಂದ ಕೆಲವರಿಗೆ ರಕ್ತದಾನ ಮಾಡಲು ಹೋದಾಗ ಗೊತ್ತಾಗುತ್ತದೆ. ವೈದ್ಯರು ಕೇಳಬೇಕಾದ ಪ್ರಶ್ನೆ 'ಹಿಸ್ಪಾನಿಕ್ಕೇ?' ಎಂದಲ್ಲ. 'ಚಿಕ್ಕಂದಿನಲ್ಲಿ ನಿಮ್ಮ ಮನೆಯ ಗೋಡೆ ಯಾವುದರದು?' ಎಂದು.

ಈ ಒಡಕುಗಳೆಲ್ಲ ವೈದ್ಯರ ಮೇಜಿನವರೆಗೆ ಬರುವುದು ಹೇಗೆ? ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಆಗುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಹೇಳುವ ಲೆಕ್ಕಯಂತ್ರಗಳಿವೆ. ಇವುಗಳ ಮೂಲ ಅಜ್ಜ ಮ್ಯಾಸಚೂಸೆಟ್ಸಿನ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಶುರುವಾದ ಅಧ್ಯಯನ. ಆ ಜನ ಹೆಚ್ಚುಕಡಿಮೆ ಎಲ್ಲ ಬಿಳಿಯರು. 2013ರಲ್ಲಿ ಬಂದ ಸೂತ್ರದಲ್ಲಿ ಎರಡೇ ಆಯ್ಕೆ ಇದ್ದವು, ಬಿಳಿಯ ಮತ್ತು ಕರಿಯ. ಹಿಸ್ಪಾನಿಕರಿಗೂ ಏಷ್ಯನ್ನರಿಗೂ ಬಿಳಿಯರ ಸೂತ್ರವನ್ನೇ ಹಾಕಿ, ಉತ್ತರವನ್ನು ಎಚ್ಚರದಿಂದ ಓದಿ ಎಂದಿದ್ದರು. ಮೆಕ್ಸಿಕನ್ನರಿಗೆ ಅಪಾಯವನ್ನು ಹೆಚ್ಚಾಗಿ, ಬೇರೆಯವರಿಗೆ ಕಡಿಮೆಯಾಗಿ ತೋರಿಸುವ ಭಯ ಅಲ್ಲಿತ್ತು. 2023ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೊಸ ಸೂತ್ರ ತಂದಿತು, ಹೆಸರು 'ಪ್ರಿವೆಂಟ್'. 60 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳ ಮೇಲೆ ಕಟ್ಟಿದ್ದು. ಜನಾಂಗದ ಪ್ರಶ್ನೆಯನ್ನೇ ಅದು ಕಿತ್ತುಹಾಕಿತು. ಬದಲಿಗೆ ಮೂತ್ರಪಿಂಡದ ಸ್ಥಿತಿಯನ್ನು ಕೇಳುತ್ತದೆ. ಬೇಕಿದ್ದರೆ ಮೂರು ತಿಂಗಳ ಸರಾಸರಿ ಶುಗರನ್ನೂ ನೀವಿರುವ ಬಡಾವಣೆಯ ಪಿನ್‌ಕೋಡನ್ನೂ ಕೊಡಬಹುದು. ಬಡ ಬಡಾವಣೆಯ ವಿಳಾಸವೇ ಒಂದು ಅಪಾಯ ಎಂಬುದನ್ನು ಸೂತ್ರ ಹೀಗೆ ಒಪ್ಪಿಕೊಂಡಿತು. ನನ್ನ ಮಟ್ಟಿಗೆ ಇದು ಒಳ್ಳೆಯ ಹೆಜ್ಜೆ. ಆದರೂ ಮಣ್ಣಿನ ಗೋಡೆ, ತಲೆಮಾರು, ಅಪ್ಪನಿಗೆ ಎದೆನೋವು ಬಂದ ವಯಸ್ಸು ಇವು ಸೂತ್ರದ ಹೊರಗೇ ಉಳಿದಿವೆ.

ಈಗ ನಮ್ಮ ಚೌಕಕ್ಕೆ ಬರೋಣ. ಹಿಸ್ಪಾನಿಕ್ ಚೌಕದಲ್ಲಿ ಮೆಕ್ಸಿಕನ್ನರು ಪೋರ್ಟೊರಿಕನ್ನರನ್ನು ಮುಚ್ಚಿಟ್ಟ ಹಾಗೆ, 'ಏಷ್ಯನ್' ಚೌಕದಲ್ಲಿ ಚೀನಾ, ಜಪಾನ್ ಮೂಲದವರು ನಮ್ಮನ್ನು ಮುಚ್ಚಿಟ್ಟಿದ್ದರು. ಏಷ್ಯನ್ನರ ಹೃದಯ ಗಟ್ಟಿ ಎಂದು ವರ್ಷಗಟ್ಟಲೆ ಬರೆದರು. 2003ರ ನಂತರದ ಮರಣ ಪತ್ರಗಳಲ್ಲಿ 'ಏಷ್ಯನ್ ಇಂಡಿಯನ್' ಎಂದು ಬೇರೆ ಗುರುತು ಇದ್ದುದರಿಂದ ಬಿಡಿಸಿ ನೋಡಲು ಸಾಧ್ಯವಾಯಿತು: ಭಾರತೀಯರ ಒಟ್ಟು ಸಾವಿನಲ್ಲಿ ಹೃದಯದ ರಕ್ತನಾಳ ಕಟ್ಟಿ ಬಂದ ಸಾವಿನ ಪಾಲು ಬಿಳಿಯರಿಗಿಂತ ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಮತ್ತು ಷಿಕಾಗೋದಲ್ಲಿ 2010ರಿಂದ 906 ದಕ್ಷಿಣ ಏಷ್ಯನ್ನರನ್ನು ಹಿಡಿದು ಒಂದು ಅಧ್ಯಯನ ಶುರುವಾಯಿತು. ಅದರ ಹ್ರಸ್ವನಾಮ 'ಮಸಾಲಾ'. ಹೆಸರಿಟ್ಟವರಿಗೆ ಹೊಟ್ಟೆ ಹಸಿದಿತ್ತೋ ಏನೋ. ಇದೇ ಬಗೆಯ ಇನ್ನೊಂದು ಅಧ್ಯಯನದ ಜೊತೆ ತಾಳೆ ಹಾಕಿದಾಗ ಶುಗರ್ ಹೀಗಿತ್ತು: ಬಿಳಿಯರಲ್ಲಿ 6 ಪರ್ಸೆಂಟ್, ಚೀನೀಯರಲ್ಲಿ 13, ಹಿಸ್ಪಾನಿಕರಲ್ಲಿ 17, ಕರಿಯರಲ್ಲಿ 18, ನಮ್ಮವರಲ್ಲಿ 23. ಇವರೇನೂ ಬಡವರಲ್ಲ. ಬಹುತೇಕ ಓದಿದವರು, ಒಳ್ಳೆಯ ಸಂಬಳದವರು. ಬಡತನವಿದ್ದೂ ಬದುಕುಳಿಯುವ ಒಗಟು ಹಿಸ್ಪಾನಿಕರದಾದರೆ, ಎಲ್ಲ ಇದ್ದೂ ಸಾಯುವ ಒಗಟು ನಮ್ಮದು.

ಆದ್ದರಿಂದ ಅಲ್ಲಿರುವ ನಮ್ಮವರು ವೈದ್ಯರ ಎದುರು ಬಾಯಿಬಿಟ್ಟು ಹೇಳಬೇಕಾದ್ದು ಕೆಲವಿದೆ. ದಕ್ಷಿಣ ಏಷ್ಯಾ ಮೂಲವನ್ನು ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಒಂದೆಂದು 2018ರ ಅಮೆರಿಕದ ಕೊಲೆಸ್ಟ್ರಾಲ್ ಮಾರ್ಗಸೂಚಿಯೇ ಪಟ್ಟಿಮಾಡಿದೆ, ನೆನಪಿಸಿದರೆ ತಪ್ಪಿಲ್ಲ. ತೂಕ-ಎತ್ತರದ ಸೂಚ್ಯಂಕ 25 ಮುಟ್ಟುವವರೆಗೆ ಕಾಯದೆ 23ಕ್ಕೇ ಶುಗರ್ ಪರೀಕ್ಷೆ ಮಾಡಿಸಬೇಕೆಂದು ಅಲ್ಲಿನ ಮಧುಮೇಹ ಸಂಘ ಏಷ್ಯನ್ನರಿಗೆ ಹೇಳುತ್ತದೆ. ಲೈಪೋಪ್ರೋಟೀನ್ 'ಎ' ಎಂಬ ಕೊಬ್ಬಿನ ಕಣವನ್ನು ಜೀವನದಲ್ಲಿ ಒಮ್ಮೆ ಅಳೆಸಿಕೊಳ್ಳುವುದು ಒಳ್ಳೆಯದು. ಅದು ಹುಟ್ಟಿನಿಂದ ಬರುವುದು, ಊಟದಿಂದ ಇಳಿಯುವುದಿಲ್ಲ, ಮಾಮೂಲಿ ಕೊಲೆಸ್ಟ್ರಾಲ್ ವರದಿಯಲ್ಲಿ ಕಾಣುವುದೂ ಇಲ್ಲ. ಕೆರೀಬಿಯನ್ ದ್ವೀಪಗಳಿಂದ ಬಂದ ಹಿಸ್ಪಾನಿಕರಲ್ಲೂ, ಆಫ್ರಿಕನ್ ಮೂಲದ ಪಾಲು ಹೆಚ್ಚಿದ್ದಷ್ಟೂ ಅದು ಹೆಚ್ಚು. ಫಾರ್ಮಿನ ಚೌಕದ ಮಾತಿಗೆ ಬಂದರೆ, 2024ರಲ್ಲಿ ಆ ಬಜೆಟ್ ಕಚೇರಿ 1977ರ ನಿಯಮವನ್ನು ತಿದ್ದಿ, ಎರಡು ಪ್ರಶ್ನೆಗಳನ್ನು ಒಂದು ಮಾಡಿ, ಮೆಕ್ಸಿಕನ್, ಪೋರ್ಟೊರಿಕನ್, ಏಷ್ಯನ್ ಇಂಡಿಯನ್ ಎಂಬ ಒಳಚೌಕಗಳನ್ನೂ ಕೇಳಿ ಎಂದಿದೆ. ಕ್ಲಿನಿಕ್ಕುಗಳ ಫಾರ್ಮಿಗೆ ಅದು ಇಳಿದು ಬರಲು ಹೊತ್ತು ಹಿಡಿಯುತ್ತದೆ.

ನನ್ನ ಸರದಿ ಬಂದಾಗ ಒಳಗಿದ್ದ ಡಾಕ್ಟರು ಫಾರ್ಮಿನ ಆ ಪುಟವನ್ನು ತಿರುಗಿಸಿಯೂ ನೋಡಲಿಲ್ಲ. ಸೇದುತ್ತೀರಾ ಎಂದರು, ಇಲ್ಲ ಎಂದೆ. ಅಪ್ಪನಿಗೆ ಹೃದಯದ ತೊಂದರೆ ಇತ್ತೇ, ಎಷ್ಟನೇ ವಯಸ್ಸಿಗೆ ಬಂತು ಎಂದರು. 52 ಎಂದೆ. ಆಗ ತಲೆಯೆತ್ತಿ ನೋಡಿ, ಡ್ರಾಯರಿನಿಂದ ಅಳತೆ ಟೇಪು ತೆಗೆದು, ಶರ್ಟು ಎತ್ತಿಸಿ ಸೊಂಟಕ್ಕೆ ಸುತ್ತಿದರು. 37 ಇಂಚು. ನಮ್ಮ ಗಂಡಸರಿಗೆ 35 ದಾಟಬಾರದು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಬಿಪಿ ಮಾತ್ರೆಯ ಚೀಟಿಯ ಜೊತೆಗೆ ರಕ್ತಪರೀಕ್ಷೆಯ ಇನ್ನೊಂದು ಚೀಟಿಯನ್ನೂ ಹರಿದು ಕೊಟ್ಟರು. ಹೊರಗೆ ಬಂದಾಗ ಅಜ್ಜಿ ಇನ್ನೂ ಕಾಯುತ್ತಲೇ ಇದ್ದರು.